ಶ್ರಾವಣಕ್ಕೆ ಮೊದಲು ಒಂದು ಕೌಜುಗ

ಕಾಕಾನ ನಾಯಿಯ ಬಗ್ಗೆ ಖಚಿತವಾಗಿ ಗೊತ್ತಿದ್ದದ್ದು ಇಷ್ಟು: ಅದು ಗಂಡು, ಬಣ್ಣ ಒಣಗಿದ ಜೋಳದ ದಂಟಿನದು, ಕಾಲು ಉದ್ದ, ಹೊಟ್ಟೆ ಬೆನ್ನಿಗೆ ಅಂಟಿಕೊಂಡದ್ದು. ಉಳಿದದ್ದೆಲ್ಲ ಕಾಕಾನ ಹೇಳಿಕೆ. ಮುಧೋಳದ ತಳಿ ಎನ್ನುತ್ತಿದ್ದ. ತಾಯಿಯ ಕಡೆಯಿಂದ ಇರಬಹುದು. ತಂದೆಯ ವಿಷಯದಲ್ಲಿ ಅದನ್ನು ತಂದುಕೊಟ್ಟವನೂ ಬಾಯಿ ಬಿಟ್ಟಿರಲಿಲ್ಲ. ಬೇಟೆಯ ನಾಯಿ ಎಂದೂ ಹೇಳುತ್ತಿದ್ದ. ಅದು ಬಂದು ಎರಡನೆಯ ಮಳೆಗಾಲ ನಡೆದಿತ್ತು. ಅಷ್ಟರಲ್ಲಿ ಅದು ಬೇಟೆಯೊಂದನ್ನು ಬಿಟ್ಟು ನಾಯಿಯೊಂದು ಮಾಡಬಹುದಾದ ಉಳಿದೆಲ್ಲ ಕೆಲಸ ಮಾಡಿತ್ತು. ಮಧ್ಯಾಹ್ನದ ಹೊತ್ತು ಕಾಕಾನ ಹೆಂಡತಿ ಚಿಗವ್ವನ ಕೋಳಿಗಳು ಅದರ ಬೆನ್ನೇರಿ ಕೂರುತ್ತಿದ್ದವು. ಅದು ಒಂದು ಕಣ್ಣು ತೆರೆದು ಯಾರು ಬಂದರೆಂದು ನೋಡಿ, ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಗೋಕಾಕದಲ್ಲಿ ಒಂದು ಪತ್ರಿಕೆಯ ವರದಿಗಾರನಾಗಿದ್ದೆ. ಮಳೆಗಾಲದಲ್ಲಿ ನನ್ನ ಕೆಲಸವೆಲ್ಲ ನೀರಿನದು. ಹಿಡಕಲ್ ಜಲಾಶಯಕ್ಕೆ ಒಳಹರಿವು ಎಷ್ಟು, ಯಾವ ಸೇತುವೆ ಮುಳುಗಿತು, ಜಲಪಾತದ ಬಂಡೆಯ ಮೇಲೆ ಯಾರು ಫೋಟೊಕ್ಕೆ ನಿಂತು ಪೊಲೀಸರಿಂದ ಬೈಸಿಕೊಂಡರು, ಇಂಥವು. ರಜೆ ಸಿಕ್ಕಾಗ ಬಸ್ಸು ಹತ್ತಿ ಹುಕ್ಕೇರಿ ದಾಟಿ, ಕಣಗಲಾ ಕಡೆಯ ಕಾಕಾನ ತೋಟಕ್ಕೆ ಹೋಗುತ್ತಿದ್ದೆ. ತೋಟವೆಂದರೆ ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡು ಇರುವ ಜಾಗ. ನಮ್ಮದು ಹಿಂದೆ ಕುರಿ ಕಾಯುತ್ತಿದ್ದ ಮನೆತನ. ಕಾಕಾನ ಕಾಲಕ್ಕೆ ಕುರಿ ಹೋಗಿ ಕಬ್ಬು ಶೇಂಗಾ ಬಂದಿದ್ದವು, ಕಂಬಳಿ ಮಾತ್ರ ಉಳಿದಿತ್ತು. ಒಂದು ಒಡ್ಡಿನ ಆಚೆಗೆ ಜೈನರ ತೋಟ. ಆ ಮನೆಯ ಹಿರಿಯರನ್ನು ಸುತ್ತಿನವರೆಲ್ಲ ತಾತ್ಯಾ ಎನ್ನುತ್ತಿದ್ದರು. ನಾವೂ ಹಾಗೇ ಕರೆಯುತ್ತಿದ್ದೆವು.

ಕೌಜುಗ ಹಿಡಿಯುವುದು ಕಾನೂನಿನ ಪ್ರಕಾರ ಆಗಲೂ ಅಪರಾಧವೇ. ನನಗೆ ಗೊತ್ತಿತ್ತು, ಕಾಕಾನಿಗೂ ಹೇಳಿದ್ದೆ. ಕಾನೂನು ಮಾಡಿದವರು ಯಾವತ್ತಾದರೂ ಕೌಜುಗದ ಸಾರು ಉಂಡಿದ್ದಾರೇನು, ಮೊದಲು ಅದನ್ನು ವಿಚಾರಿಸಿಕೊಂಡು ಬಾ ಎಂದ. ಆತನ ತಂದೆ ಹಿಡಿದಿದ್ದ, ಅಜ್ಜ ಹಿಡಿದಿದ್ದ. ಕಾನೂನು ಇನ್ನೂ ಹುಕ್ಕೇರಿಯಲ್ಲೇ ಬಸ್ಸಿಗೆ ಕಾಯುತ್ತಿದೆ ಎಂಬಂತೆ ಆತ ಬದುಕುತ್ತಿದ್ದ. ಈಗ ಆ ಕಡೆ ಯಾರೂ ಹಿಡಿಯುವುದಿಲ್ಲ. ಹಿಡಿಯಬೇಕೆಂದರೂ ಕೌಜುಗ ಕೂರುವ ಕುರುಚಲು ಉಳಿದಿಲ್ಲ.

ಹಕ್ಕಿಯ ಬಗ್ಗೆಯೂ ಒಂದು ಮಾತು. ಕೌಜುಗ ಕೋಳಿಮರಿಗಿಂತ ತುಸು ದೊಡ್ಡದು, ಮಣ್ಣಿನ ಬಣ್ಣದ್ದು. ಎದ್ದರೆ ಬಾಣ. ಎದ್ದ ಮೇಲೆ ಹಿಡಿಯುವ ಪ್ರಶ್ನೆಯೇ ಇಲ್ಲ. ಆದರೆ ಆಷಾಢದ ಜಿಟಿಜಿಟಿ ಮಳೆ ಹಗಲು ರಾತ್ರಿ ಹಿಡಿದು ರೆಕ್ಕೆ ನೆಂದು ಭಾರವಾಯಿತೆಂದರೆ ಅದು ಹಾರಲು ಮನಸ್ಸು ಮಾಡುವುದಿಲ್ಲ, ಒಡ್ಡಿನ ಗುಂಟ ಓಡುತ್ತದೆ. ನೆಲದ ಮೇಲೆ ಓಡುವ ಹಕ್ಕಿ, ನೆಲದ ಮೇಲೆ ಓಡುವ ನಾಯಿ: ಲೆಕ್ಕ ಸರಿಹೋಗುತ್ತದೆ ಎಂದು ಕಾಕಾನ ವಾದ. ಬಂದೂಕು ಬೇಡ, ಬಲೆ ಬೇಡ. ನಾಯಿ ಅಟ್ಟಬೇಕು, ಹಕ್ಕಿ ಯಾವುದಾದರೂ ಜಾಲಿಯ ಕಂಟಿಯಲ್ಲಿ ಹೊಕ್ಕರೆ ಅದರ ಮೇಲೆ ಕಂಬಳಿ ಬೀಸಿ ಒಗೆಯಬೇಕು. ಇಷ್ಟೇ ಶಾಸ್ತ್ರ. ನೆಲ ಎರೆಮಣ್ಣಿನದಾದರೆ ಮಳೆಯಲ್ಲಿ ನಾಯಿಯೂ ಓಡುವುದಿಲ್ಲ ಎಂಬ ಅಂಶ ಈ ಶಾಸ್ತ್ರದಲ್ಲಿ ಸೇರಿರಲಿಲ್ಲ.

ಚಿಗವ್ವನಿಗೆ ನಾಯಿಯ ಮೇಲೆ ದ್ವೇಷವಿರಲಿಲ್ಲ. ಅದು ತಿನ್ನುವ ರೊಟ್ಟಿಯ ಮೇಲೂ ಸಿಟ್ಟಿರಲಿಲ್ಲ. ಸುಳ್ಳಿನ ಮೇಲೆ ಸಿಟ್ಟು. ಬೇಟೆಯ ನಾಯಿ ಎಂದು ಊರ ತುಂಬ ಹೇಳಿಕೊಂಡು ತಿರುಗಿ, ಕೋಳಿಗೆ ಹಾಸಿಗೆಯಾಗುವ ನಾಯಿ ಸಾಕುವುದು ಮನೆತನಕ್ಕೆ ಶೋಭೆಯೇ ಎಂದು ಕೇಳುತ್ತಿದ್ದಳು. ಮಳೆಗಾಲದಲ್ಲಿ ಆ ಸಿಟ್ಟು ಇನ್ನಷ್ಟು. ನಾಯಿ ಹೊರಗೆ ನೆಂದು ಒಳಗೆ ಬಂದು, ಸಾರಿಸಿದ ನೆಲದ ನಡುವೆ ನಿಂತೇ ಮೈ ಝಾಡಿಸುತ್ತಿತ್ತು. ಕಡೆಗೆ ಆಕೆ ಅದನ್ನು ಹೊಸ್ತಿಲಾಚೆಗೆ ಹಾಕಿದಳು. ಆಷಾಢ ಅರ್ಧ ಕಳೆದಾಗ ಒಂದು ಗಡುವನ್ನೂ ಹಾಕಿದಳು.

‘ನಾಗರ ಅಮಾಸಿತನಕ ನೋಡತೇನ್ರಿ. ಒಂದ ಕೌಜುಗ ಹಿಡೀಲಿ, ಸಾಯೋತನಕ ಇರಲಿ. ಹಿಡೀಲಿಲ್ಲಂದ್ರ ಅವತ್ತ ನಮ್ಮ ತಮ್ಮ ಬರ್ತಾನ, ಹಟ್ಟಿಗಿ ಹೊಡಕೊಂಡ ಹೋಗ್ತಾನ.’

ಅಮಾವಾಸ್ಯೆಯನ್ನೇ ಆಕೆ ಆರಿಸಿದ್ದಕ್ಕೆ ಕಾರಣವಿತ್ತು. ಮರುದಿನ ಶ್ರಾವಣ. ಆ ತಿಂಗಳು ಮನೆಯಲ್ಲಿ ಮಾಂಸ ಇಲ್ಲ; ಮಾಂಸ ಬೇಯಿಸುವ ಗಡಿಗೆ ತೊಳೆದು ಅಟ್ಟಕ್ಕೆ ಏರುತ್ತಿತ್ತು. ಅಮಾವಾಸ್ಯೆಯ ದಿನ ತವರಿನವರೋ ಬೀಗರೋ ಯಾರಾದರೂ ಬಂದು ಕಡೆಯ ಊಟ ಉಂಡು ಹೋಗುವುದು ಪದ್ಧತಿ. ಆ ವರ್ಷದ ಸರದಿ ಚಿಗವ್ವನ ತಮ್ಮನದು. ನಾನು ಆತನನ್ನು ಮಾಮಾ ಎನ್ನುತ್ತಿದ್ದೆ. ಮೂಡಲಗಿ ಹತ್ತಿರದ ಕಲ್ಲೋಳಿ ಕಡೆಯಲ್ಲಿ ಆತನ ಕುರಿಹಟ್ಟಿ. ಅಲ್ಲಿನ ನಾಯಿಗಳು ಕೊರಳಿಗೆ ಮುಳ್ಳಿನ ಪಟ್ಟಿ ಕಟ್ಟಿಕೊಂಡು ತೋಳದ ಎದುರು ನಿಲ್ಲುವಂಥವು. ಕೋಳಿಯನ್ನೂ ಎಬ್ಬಿಸಲಾರದ ನಾಯಿ ಅಲ್ಲಿಗೆ ಹೋದರೆ ಏನಾಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕಾಕಾ ಆ ದಿನದಿಂದ ಸಪ್ಪಗಾದ. ಆತ ನಮ್ಮೊಡನೆ ಆಡುತ್ತಿದ್ದ ಮಾತೆಲ್ಲ ಸೇರಿಸಿದರೂ ನಾಯಿಯೊಡನೆ ಆಡುವ ಮಾತಿನ ಅರ್ಧ ಆಗುತ್ತಿರಲಿಲ್ಲ. ಬೆಳಿಗ್ಗೆ ಒಡ್ಡು ಸುತ್ತಲು ಹೋದಾಗ ನೀರಿನ ಪಾಳಿ, ಕಬ್ಬಿಗೆ ಬಿದ್ದ ಹುಳ, ಸೊಸೈಟಿಯ ಚುನಾವಣೆ ಎಲ್ಲವನ್ನೂ ಅದಕ್ಕೆ ವಿವರಿಸುತ್ತಿದ್ದ. ಅದು ನಿಂತು ಕೇಳುತ್ತಿತ್ತು. ನಾವು ಅಷ್ಟು ತಾಳ್ಮೆಯಿಂದ ಯಾವತ್ತೂ ಕೇಳಿದ್ದಿಲ್ಲ.

ಹಾಗಾಗಿ ತರಬೇತಿ ಶುರುವಾಯಿತು. ಕಾಕಾ ಮೆಕ್ಕೆಜೋಳದ ತೆನೆಗೆ ಹಳೆಯ ಕಂಬಳಿಯ ತುಂಡು ಸುತ್ತಿ ದಾರ ಬಿಗಿದ. ಅದು ಕೌಜುಗ. ಅದನ್ನು ಎಸೆಯುವುದು, ನಾಯಿ ತರುವುದು, ಒಂದು ತುಣುಕು ಬೆಲ್ಲ ಕೊಡುವುದು. ಹಲ್ಲು ಊರಿ ಹಕ್ಕಿಯನ್ನು ಹರಿದರೆ ಸಾರಿಗೆ ಏನೂ ಉಳಿಯುವುದಿಲ್ಲವೆಂದು, ಕಂಬಳಿ ಹರಿದ ದಿನ ಬೆಲ್ಲ ಇಲ್ಲ. ನಾಯಿ ಬೇಗ ಕಲಿತಿತು. ತೆನೆಯನ್ನು ಮೊಟ್ಟೆ ಹೊತ್ತಂತೆ ಹೊತ್ತು ತರುತ್ತಿತ್ತು.

ನಮ್ಮ ಅಂಗಳಕ್ಕೆ ಸೂರಿರಲಿಲ್ಲ. ಮಳೆ ಬಿಡುತ್ತಿರಲಿಲ್ಲ. ತಾತ್ಯಾನವರ ಮನೆಗೆ ಹೊಂದಿ ದನ ಕಟ್ಟುವ ಉದ್ದನೆಯ ತಗಡಿನ ಚಪ್ಪರವಿತ್ತು, ಅದರ ತುದಿಗೆ ಅವರು ಕೂರುವ ಕಟ್ಟೆ. ಚಿಗವ್ವ ಹೊಸ್ತಿಲಾಚೆ ಹಾಕಿದ ದಿನದಿಂದ ನಾಯಿ ಮಲಗುತ್ತಿದ್ದದ್ದೂ ಅಲ್ಲೇ. ತರಬೇತಿಯೂ ಅಲ್ಲೇ ನಡೆಯಿತು. ತಾತ್ಯಾ ಹಗ್ಗ ಹೊಸೆಯುತ್ತ ನೋಡುತ್ತಿದ್ದರು. ಆ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯುತ್ತಿತ್ತು. ಉಳಿದ ರೊಟ್ಟಿಗೆ ಹಾಲು ಹಾಕಿ ನಾಯಿಗೆ ಇಡುತ್ತಿದ್ದರು. ಅವರದು ಸ್ವಂತ ಗಾಣ, ಬೆಲ್ಲಕ್ಕೆ ಬರವಿಲ್ಲ. ಕಾಕಾ ಎಸೆಯುವುದು, ನಾಯಿ ತಂದು ಕಟ್ಟೆಯ ಮೇಲೆ ಇಡುವುದು, ತಾತ್ಯಾ ಪಕ್ಕದ ಡಬ್ಬಿಯಿಂದ ಬೆಲ್ಲ ತೆಗೆದುಕೊಡುವುದು ಹೀಗೆ ಕೆಲಸ ಹಂಚಿಕೆಯಾಯಿತು. ಇದು ಯಾತಕ್ಕೆ ಎಂದು ಅವರು ಕೇಳಲಿಲ್ಲ. ಕಾಕಾನೂ ಹೇಳಲಿಲ್ಲ. ಮೂಕಪ್ರಾಣಿಗೆ ಮಳೆಯಲ್ಲಿ ಹೊತ್ತು ಹೋಗಬೇಕಲ್ಲ ಎಂದು ಅವರು ಅರ್ಥ ಮಾಡಿಕೊಂಡಿದ್ದರು. ಚಾತುರ್ಮಾಸ ಆಗಲೇ ಹಿಡಿದಿತ್ತು. ಆ ನಾಲ್ಕು ತಿಂಗಳು ತಾತ್ಯಾ ಹಸಿರು ಸೊಪ್ಪನ್ನೂ ಮುಟ್ಟುತ್ತಿರಲಿಲ್ಲ, ಎಲೆಯಡಿ ಹುಳವಿದ್ದೀತೆಂದು.

ಅಮಾವಾಸ್ಯೆಯ ದಿನ ನಾನು ರಜೆ ಹಾಕಿ ಬಂದಿದ್ದೆ. ಮಾಮಾ ಬೆಳಗಿನ ಬಸ್ಸಿಗೇ ಇಳಿದ. ಕೈಯಲ್ಲಿ ಕೊಡೆ ಇರಲಿಲ್ಲ, ಸೊಂಟಕ್ಕೆ ಹೊಸ ಹಗ್ಗ ಸುತ್ತಿಕೊಂಡಿದ್ದ. ಚಹಾ ಕುಡಿಯುತ್ತ ನಾಯಿಯನ್ನು ಮೇಲಿಂದ ಕೆಳಗೆ ನೋಡಿ, ಅದರ ಮೈ ತುಂಬಿಸಲು ಎಷ್ಟು ಕಾಲ ಬೇಕಾದೀತೆಂದು ಅಂದಾಜು ಮಾಡುತ್ತಿದ್ದ. ಕಾಕಾ ಆ ಕಡೆ ನೋಡದೆ ಕಂಬಳಿ ಹೆಗಲಿಗೆ ಹಾಕಿದ. ನಾನು ಗೋಣಿಚೀಲದ ಕೊಪ್ಪೆ ತಲೆಗೇರಿಸಿದೆ. ಮಾಮಾ ತಾನೂ ಬರುತ್ತೇನೆಂದ.

‘ನೀ ಯಾಕೋ? ಮನ್ಯಾಗ ಕುಂಡ್ರು, ನಿಮ್ಮಕ್ಕನ ಕೂಡ ಮಾತಾಡು’ ಎಂದ ಕಾಕಾ.

‘ಇಲ್ಲ ದಾಜಿ, ಆಮ್ಯಾಲ ನೀವು ಹುಕ್ಕೇರಿ ಸಂತ್ಯಾಗಿಂದ ಕೋಳಿ ತಂದು ಕೌಜುಗ ಅಂದ್ರ? ಒಬ್ಬರು ನೋಡವ್ರು ಬೇಕಲ್ಲ.’

ದಾಜಿ ಎಂದರೆ ಅಕ್ಕನ ಗಂಡ. ಆ ಶಬ್ದದಲ್ಲಿ ಗೌರವ ಮತ್ತು ಚುಚ್ಚು ಎಷ್ಟೆಷ್ಟು ಬೆರೆಯಬೇಕೆಂಬುದನ್ನು ಮಾಮಾ ಬಹಳ ವರ್ಷಗಳಿಂದ ಸಾಧಿಸಿಕೊಂಡಿದ್ದ.

ತೋಟದ ಹಿಂದಿನ ದಿನ್ನೆ ಏರಿದರೆ ಕುರುಚಲು. ಅಲ್ಲಿಂದ ಮೋಡ ತೆಳುವಾದಾಗ ದೂರದಲ್ಲಿ ಹಿಡಕಲ್ಲಿನ ಹಿನ್ನೀರು ಬೂದಿ ಬಣ್ಣದ ಗೆರೆಯಂತೆ ಕಾಣುತ್ತದೆ. ಅವತ್ತು ಅದೂ ಇರಲಿಲ್ಲ. ಮಳೆ ಬೀಳುತ್ತಿರಲಿಲ್ಲ, ಗಾಳಿಯಲ್ಲಿ ನಿಂತಿತ್ತು. ನಾವು ಅದರೊಳಗೆ ನಡೆದು ಒದ್ದೆಯಾದೆವು. ನಾಯಿ ಮುಂದೆ. ಮೊದಲು ಅದು ಒಂದು ಕಂಟಿಯ ಎದುರು ನಿಂತು ಬಾಲ ನೆಟ್ಟಗೆ ಮಾಡಿತು. ಕಾಕಾನ ಮುಖ ಅರಳಿತು. ಕೈ ಸನ್ನೆಯಿಂದ ನಮ್ಮನ್ನು ನಿಲ್ಲಿಸಿ, ಒಂದೊಂದೇ ಹೆಜ್ಜೆ ಇಟ್ಟು ಹೋಗಿ ಕಂಬಳಿ ಒಗೆದ. ನೆಂದ ಕಂಬಳಿ ಗಾಳಿಗೆ ಬಿಚ್ಚಿಕೊಳ್ಳದೆ ಮುದ್ದೆಯಾಗಿ ಬಿತ್ತು. ಜಾಲಿಯ ಮುಳ್ಳಿನಿಂದ ಅದನ್ನು ಎಳೆಎಳೆಯಾಗಿ ಬಿಡಿಸಲು ಮೂವರೂ ಕೂತೆವು. ಅಡಿಯಲ್ಲಿ ದೊಡ್ಡದೊಂದು ಕಪ್ಪೆಯಿತ್ತು. ಅದು ನಮ್ಮನ್ನು ನೋಡಿ ಕದಲಲಿಲ್ಲ.

‘ಇದರ ಸಾರು ಮಾಡತಾರೇನ ದಾಜಿ ನಿಮ್ಮ ಕಡೆ?’ ಎಂದು ಮಾಮಾ ವಿಚಾರಿಸಿದ.

ಆ ಬಳಿಕ ನಾಯಿ ಒಂದು ಪ್ಲಾಸ್ಟಿಕ್ ಚೀಲವನ್ನು ಅಟ್ಟಿಸಿಕೊಂಡು ಹೋಗಿ, ಅದು ಬೇಲಿಗೆ ಸಿಕ್ಕ ಮೇಲೆ ಬಹಳ ಹೊತ್ತು ಕಾವಲು ನಿಂತಿತು. ನಿಜವಾದ ಕೌಜುಗಗಳು ಎದ್ದದ್ದು ಹೊತ್ತು ಸಾಕಷ್ಟು ಏರಿದ ಮೇಲೆ, ಶೇಂಗಾ ಹೊಲದ ಅಂಚಿನಲ್ಲಿ. ಕಾಕಾ ಹೇಳಿದಂತೆಯೇ ಅವು ಹಾರಲಿಲ್ಲ. ತಲೆ ತಗ್ಗಿಸಿ, ಕಾಲು ಕಾಣದಂತೆ ಸಾಲಿನ ನಡುವೆ ಓಡಿದವು. ನಾಯಿಯೂ ಓಡಿತು. ಮೊದಲ ತಿರುವಿನಲ್ಲೇ ಅದರ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹೋದವು. ಎರೆಮಣ್ಣಿನಲ್ಲಿ ಜಾರುತ್ತ ಹೋಗಿ ಕಾಲುವೆಯಲ್ಲಿ ಕೂತಿತು. ಮುಖದಲ್ಲಿ ಆಶ್ಚರ್ಯವಿತ್ತು. ಮಾಮಾ ಸೊಂಟದ ಹಗ್ಗವನ್ನು ಸರಿಪಡಿಸಿಕೊಂಡ. ಕಾಕಾ ಹೋಗಿ ನಾಯಿಯ ಪಾದಗಳಿಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆದ. ಒಂದೊಂದೇ ಪಾದ ಎತ್ತಿ, ನಿಧಾನವಾಗಿ. ಅದಕ್ಕೇನೋ ಹೇಳುತ್ತಿದ್ದ; ನಮಗೆ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಾವು ತಿರುಗಿ ಇಳಿಯುತ್ತಿದ್ದೆವು. ಆಗ ಒಂದೇ ಒಂದು ಕೌಜುಗ ಹುಲ್ಲಿನಿಂದ ಹೊರಬಿದ್ದು, ನಮ್ಮ ಎದುರೇ ಅಡ್ಡ ಓಡಿ, ಎತ್ತರದ ಒಡ್ಡನ್ನು ಏರಿ ಆಚೆ ಇಳಿಯಿತು. ನಾಯಿ ಅದರ ಹಿಂದೆ ಒಡ್ಡು ಹಾರಿತು. ಕಾಕಾ ಅದೇ ಹೊತ್ತಿಗೆ ಬೇರೊಂದು ಕಂಟಿಯಲ್ಲಿ ಇನ್ನೊಂದು ಹಕ್ಕಿ ಹೊಕ್ಕಿತೆಂದು ಕಂಬಳಿ ಒಗೆದಿದ್ದ. ಮಾಮಾನ ಒಂದು ಚಪ್ಪಲಿ ಕೆಸರಿನಲ್ಲಿ ಉಳಿದಿತ್ತು. ಒಂಟಿಕಾಲಿನಲ್ಲಿ ನಿಂತು ಅದನ್ನು ಎಳೆಯುತ್ತಿದ್ದ. ಆಚೆಯಿಂದ ಸದ್ದಿಲ್ಲ. ಬೊಗಳಿಲ್ಲ, ರೆಕ್ಕೆ ಬಡಿತವಿಲ್ಲ. ಬಳಿಕ ಒಡ್ಡಿನ ಮೇಲೆ ನಾಯಿಯ ತಲೆ ಕಾಣಿಸಿತು. ಬಾಯಲ್ಲಿ ಕೌಜುಗ.

ಕಾಕಾ ಕಂಬಳಿ ಬಿಟ್ಟು, ಕೆಸರಿನಲ್ಲೇ ಮೊಣಕಾಲೂರಿ ಎರಡೂ ಕೈ ಚಾಚಿದ. ‘ತಾ ನನ್ನ ಮಗನ, ತಾ’ ಎಂದ. ನಾಯಿ ನೇರವಾಗಿ ಆತನ ಕಡೆಗೇ ಬಂತು. ಬಂದು, ಚಾಚಿದ ಕೈಗಳ ಪಕ್ಕದಿಂದ ಹಾಯ್ದು ಹೋಯಿತು. ನನ್ನನ್ನು ದಾಟಿತು, ಮಾಮಾನನ್ನು ದಾಟಿತು. ಮೊಟ್ಟೆ ಹೊತ್ತವರಂತೆ ತಲೆ ಎತ್ತಿಕೊಂಡು, ಜಾರದೆ, ಅವಸರವಿಲ್ಲದ ಓಟದಲ್ಲಿ ದಿನ್ನೆ ಇಳಿಯಿತು. ಕಾಕಾ ಕೂಗಿದ. ನಾವು ಹಿಂದೆ ಓಡಿದೆವು, ಮಾಮಾ ಒಂದೇ ಚಪ್ಪಲಿಯಲ್ಲಿ. ನಮ್ಮ ಅಂಗಳದ ಹತ್ತಿರ ಬಂದಾಗ ನಾಯಿ ಅತ್ತ ತಿರುಗಿಯೂ ನೋಡಲಿಲ್ಲ. ಗಡಿಗೆ ತೊಳೆಯುತ್ತಿದ್ದ ಚಿಗವ್ವನ ಮುಂದೆಯೇ ಹಾದು, ಒಡ್ಡು ದಾಟಿ, ತಾತ್ಯಾನವರ ಚಪ್ಪರ ಸೇರಿತು.

ನಾವು ತಲುಪುವ ಹೊತ್ತಿಗೆ ಆಗಬೇಕಾದದ್ದು ಆಗಿತ್ತು. ನಾಯಿ ಕೌಜುಗವನ್ನು ಕಟ್ಟೆಯ ಮೇಲಿಟ್ಟು, ಎದುರು ಕೂತು, ಬೆಲ್ಲ ಕಡಿಯುತ್ತಿತ್ತು. ತಾತ್ಯಾ ಹಗ್ಗ ಹೊಸೆಯುವುದರಲ್ಲಿದ್ದವರು, ಏನೋ ತಂದಿಟ್ಟಿತೆಂದು ನೋಡದೆ, ರೂಢಿಯಂತೆ ಡಬ್ಬಿಗೆ ಕೈ ಹಾಕಿ ಕೊಟ್ಟುಬಿಟ್ಟಿದ್ದರು. ಆ ಮೇಲೆ ತೆನೆ ಕಣ್ಣು ಮಿಟುಕಿಸಿತ್ತು.

ಈಗ ಹಕ್ಕಿ ಅವರ ತೊಡೆಯ ಮೇಲೆ, ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡು ಕೂತಿತ್ತು. ಅವರು ಕಾಕಾನನ್ನು ನೋಡಿದರು. ತೆನೆ, ಕಂಬಳಿಯ ತುಂಡು, ಬೆಲ್ಲ ಎಲ್ಲ ಅವರ ಮನಸ್ಸಿನಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.

‘ತಮ್ಮಾ, ಇಷ್ಟ ದಿವಸ ನನ್ನ ಕಟ್ಟೀ ಮ್ಯಾಲ ಕುಂತು, ನನ್ನ ಬೆಲ್ಲ ತಿಂದು, ಇದು ಹಿಂಸಾ ಕಲೀತಿತ್ತೇನೋ?’

ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟವನೇ ಕೌಜುಗ ಹಿಡಿಸಿದೆನಲ್ಲ ಎಂದು ತಾತ್ಯಾ ತಮ್ಮನ್ನೇ ತಾವು ಮರಾಠಿಯಲ್ಲಿ ಬೈದುಕೊಂಡರು. ಅವರು ಬಹಳ ಸಿಟ್ಟಾದಾಗ ಮರಾಠಿಗೆ ಹೋಗುತ್ತಿದ್ದರು. ಆಮೇಲೆ ಕನ್ನಡಕ್ಕೆ ಮರಳಿ, ತನ್ನ ಕಟ್ಟೆ ಏರಿದ ಜೀವವನ್ನು ತಾನು ಯಾರ ಕೈಗೂ ಕೊಡುವುದಿಲ್ಲವೆಂದು ಹೇಳಿದರು. ಹಕ್ಕಿ ನನಗೆ ಬೇಡವೇ ಬೇಡ ಎಂದು ಕಾಕಾ ಕೈ ಮುಗಿದ. ಅದು ನಿಜ. ಆತನಿಗೆ ಬೇಕಿದ್ದದ್ದು ಸಾರಲ್ಲ; ನಾಯಿ ಹಿಡಿಯಿತು ಎಂಬ ಒಂದು ಮಾತು, ಅದೂ ಚಿಗವ್ವನ ಬಾಯಿಂದ.

ಚಿಗವ್ವ ಅಷ್ಟರಲ್ಲಿ ಕೊಡೆ ಹಿಡಿದು ಬಂದಿದ್ದಳು. ತಾತ್ಯಾನವರನ್ನು ಕೇಳಿ, ವಸ್ತ್ರದೊಳಗೆ ಕೈ ಹಾಕಿ ಹಕ್ಕಿಯ ಎದೆ, ಬೆನ್ನು, ತೊಡೆ ಎಲ್ಲ ಮುಟ್ಟಿ ನೋಡಿದಳು. ಒಂದು ಗಾಯವಿಲ್ಲ, ಒಂದು ಪುಕ್ಕ ಮುರಿದಿಲ್ಲ.

ಮಾಮಾನಿಗೆ ಅಷ್ಟೇ ಸಾಕಾಯಿತು. ಹಿಡಿದಿದ್ದರೆ ಹಲ್ಲಿನ ಗುರುತಿರಬೇಕಲ್ಲ ಎಂದ. ಹಕ್ಕಿ ಒಡ್ಡಿನ ಆಚೆ ಮುಳ್ಳಿಗೋ ಬಳ್ಳಿಗೋ ಸಿಕ್ಕಿಕೊಂಡಿರಬೇಕು. ನಾಯಿ ಹೋಗಿ ಎತ್ತಿಕೊಂಡು ಬಂದಿದೆ. ಬಿದ್ದದ್ದನ್ನು ಎತ್ತುವುದು ಬೇಟೆ ಹೇಗಾಗುತ್ತದೆ? ಕಾಕಾ ಹಿಡಿದದ್ದೇ ಹೌದೆಂದ. ಕಣ್ಣಾರೆ ನೋಡಿದಿರಾ ಎಂದು ಮಾಮಾ ಕೇಳಿದ. ಕಾಕಾ ನೋಡಿರಲಿಲ್ಲ. ಕಂಬಳಿಯ ಕಡೆಗಿದ್ದ. ಹಾಗಾದರೆ ನೀನು ನೋಡಿದೆಯಾ ಎಂದು ಮಾಮಾನನ್ನು ಕೇಳಿದ. ಮಾಮಾ ಚಪ್ಪಲಿಯ ಕಡೆಗಿದ್ದ. ಎಲ್ಲರೂ ನನ್ನತ್ತ ತಿರುಗಿದರು.

‘ನೀ ಪೇಪರಿನ್ಯಾಂವ ಅದೀಯಪಾ. ಏನ ನೋಡಿದಿ, ಖರೆ ಹೇಳು’ ಎಂದಳು ಚಿಗವ್ವ.

ನಾನು ಹೇಳಿದೆ: ಹಕ್ಕಿ ಒಡ್ಡು ದಾಟಿದ್ದನ್ನು ನೋಡಿದೆ. ನಾಯಿ ಒಡ್ಡು ದಾಟಿದ್ದನ್ನು ನೋಡಿದೆ. ನಾಯಿ ಹಕ್ಕಿಯೊಡನೆ ಮರಳಿದ್ದನ್ನು ನೋಡಿದೆ. ಆಚೆ ಏನಾಯಿತೋ ನೋಡಲಿಲ್ಲ. ಸಂಪಾದಕರು ಮೆಚ್ಚುತ್ತಿದ್ದ ಉತ್ತರ. ಕಾಕಾ ನನ್ನನ್ನು ನೋಡಿದ ನೋಟದಲ್ಲಿ, ಈ ಹುಡುಗನನ್ನು ಓದಿಸಬಾರದಿತ್ತು ಎಂದು ಸ್ಪಷ್ಟವಾಗಿ ಬರೆದಿತ್ತು. ಚಿಗವ್ವ ಒಡ್ಡಿನ ಆಚೆಯ ಮಾತಿಗೆ ತಾನು ಹೂಂ ಅನ್ನಲಾರೆನೆಂದಳು. ಆಕೆಗೆ ನಾಯಿ ಹೋಗಬೇಕೆಂದಿರಲಿಲ್ಲ ಎಂದು ನನಗೆ ಆಗ ಅನ್ನಿಸಿತು. ಆದರೆ ಹಾಕಿದ ಗಡುವನ್ನು ತಾನೇ ಮುರಿದು ತಮ್ಮನ ಎದುರು ಹಗುರಾಗಲು ಆಕೆ ತಯಾರಿರಲಿಲ್ಲ. ಮಾಮಾ ಹಗ್ಗ ಬಿಚ್ಚಿ ನಾಯಿಯ ಕೊರಳಿಗೆ ಹಾಕಿದ. ನಾಯಿ ಬೆಲ್ಲ ಅಂಟಿದ ಮೂತಿಯನ್ನು ನೆಕ್ಕಿಕೊಳ್ಳುತ್ತ ಹಾಕಿಸಿಕೊಂಡಿತು. ಕಾಕಾ ಕಟ್ಟೆಯ ಕಂಬಕ್ಕೆ ಆತು ಕೂತ.

ತಾತ್ಯಾನವರಿಗೆ ಈ ಯಾವುದರಲ್ಲೂ ಆಸಕ್ತಿಯಿರಲಿಲ್ಲ. ಹಕ್ಕಿಯನ್ನು ಒಳಗೆ ಒಯ್ದು, ಬುಟ್ಟಿಯಲ್ಲಿಟ್ಟು, ಒಲೆಯ ಕಾವಿಗೆ ಹಿಡಿದು ಆರಿಸಿದರು. ಮಳೆ ತುಸು ನಿಂತಾಗ ಎರಡೂ ಕೈಯಲ್ಲಿ ಹೊತ್ತು ತಂದು, ಚಪ್ಪರದಾಚೆಯ ಬೇಲಿಯ ಬುಡದಲ್ಲಿ ಬಿಟ್ಟು, ಏನೋ ಮಂತ್ರ ಹೇಳುತ್ತ ತಿರುಗಿ ಬರತೊಡಗಿದರು. ಕೌಜುಗ ಅಲ್ಲೇ ನಿಂತಿತು. ಕತ್ತು ಅತ್ತಿತ್ತ ಹೊರಳಿಸಿ, ಹುಲ್ಲಿನೊಳಗೆ ಎರಡು ಹೆಜ್ಜೆ ಓಡಿ, ಮತ್ತೆ ನಿಂತಿತು.

ಇಲ್ಲಿ ಮಾಮಾ ತಡೆಯಲಾರದೆ ಹೋದ. ಗೆದ್ದವನು ಸುಮ್ಮನಿರಬೇಕಿತ್ತು. ಆತ ಅಕ್ಕನ ಕಡೆ ತಿರುಗಿ, ‘ನೋಡ ಅಕ್ಕಾ, ಈಗ ಕಣ್ಣ ಮುಂದ ಐತಿ. ಬಿಡತೇನಿ. ಇದರಿಂದ ಆಗತೈತೇನ ನೀನ ನೋಡು’ ಎಂದು ಹಗ್ಗದ ಗಂಟು ಸಡಿಲಿಸಿದ.

ನಾಯಿ ಬೊಗಳಲಿಲ್ಲ, ನುಗ್ಗಲಿಲ್ಲ. ಮೂಗು ನೆಲಕ್ಕಿಟ್ಟು ಬೇಲಿಯ ಕಡೆ ನಡೆಯಿತು. ಹಕ್ಕಿ ಓಡಿತು, ನಾಯಿ ಸುತ್ತು ಹಾಕಿ ಅದರ ಎದುರಿಗೆ ಬಂತು. ಹಕ್ಕಿ ತಿರುಗಿತು, ನಾಯಿ ಆ ಮಗ್ಗುಲಿಗೂ ಮೊದಲೇ ಹೋಗಿತ್ತು. ಬೇಲಿ ಮತ್ತು ಗೋಡೆಯ ಮೂಲೆಯಲ್ಲಿ ಕೌಜುಗ ಮೊಣಕಾಲೆತ್ತರ ಎದ್ದಿತು. ನಾಯಿ ಮುಂಗಾಲೆತ್ತಿ ಅದನ್ನು ಗಾಳಿಯಲ್ಲೇ ಬಾಯಿಗೆ ತೆಗೆದುಕೊಂಡಿತು, ಎಸೆದ ತೆನೆಯನ್ನು ಹಿಡಿಯುತ್ತಿದ್ದಂತೆ. ತಲೆ ಎತ್ತಿಕೊಂಡು ನಮ್ಮೆಲ್ಲರ ನಡುವೆ ಹಾದು, ಆಗಷ್ಟೇ ಕಟ್ಟೆಗೆ ಬಂದು ಕೂರುತ್ತಿದ್ದ ತಾತ್ಯಾನವರ ಪಾದದ ಬಳಿ ಅದನ್ನು ಇಟ್ಟಿತು. ಎದುರು ಕೂತು ಡಬ್ಬಿಯನ್ನು ನೋಡಿತು.

‘ಮತ್ತ ತಂದಿತಲ್ಲೋ ಇದು’ ಎಂದರು ತಾತ್ಯಾ. ಅಳುವಂತಿತ್ತು ದನಿ. ಬೆಲ್ಲ ಈ ಸಲ ಕೊಡಲಿಲ್ಲ. ಹಕ್ಕಿಯನ್ನು ಎದೆಗವುಚಿಕೊಂಡು, ನಾಯಿಯನ್ನು ಗಟ್ಟಿ ಹಿಡಿಯುವಂತೆ ಕಾಕಾನಿಗೆ ಅಪ್ಪಣೆ ಮಾಡಿ, ದೂರದ ಕಬ್ಬಿನ ಹೊಲದವರೆಗೂ ಕೆಸರಿನಲ್ಲಿ ತಾವೇ ನಡೆದು ಹೋದರು. ಅಲ್ಲಿಂದ ಕೌಜುಗ ಹಾರಿದ್ದು ನಮಗೆ ಕಾಣಿಸಿತು. ರೆಕ್ಕೆ ಚೆನ್ನಾಗಿಯೇ ಆರಿದ್ದವು.

‘ಹಿಡೀತು. ನಾ ನೋಡಿದ್ನಿ’ ಎಂದಳು ಚಿಗವ್ವ.

ಕಾಕಾ ನಾಯಿಯ ಕೊರಳನ್ನು ಎರಡೂ ಕೈಯಿಂದ ಬಳಸಿ ಕೂತಿದ್ದ, ತಲೆ ಎತ್ತಲಿಲ್ಲ. ಮಾಮಾ ಮಾತ್ರ ಸೋಲಲು ಸಿದ್ಧನಿರಲಿಲ್ಲ. ಹಿಡಿದದ್ದು ಹೌದು ಅನ್ನೋಣ, ಮನೆಗೆ ತರಲಿಲ್ಲವಲ್ಲ, ಎರಡು ಸಲವೂ ಇಲ್ಲಿಗೇ ತಂದಿತಲ್ಲ, ಮಂದಿಯ ಮನೆಗೆ ಬೇಟೆ ಹಾಕುವ ನಾಯಿ ನಿಮ್ಮದು ಹೇಗಾಯಿತು ಎಂದು ಕೇಳಿದ. ಅದು ನ್ಯಾಯವಾದ ಪ್ರಶ್ನೆಯೇ. ಚಿಗವ್ವ ನಾಯಿಯನ್ನು ನೋಡಿದಳು, ಅದು ಮಲಗುವ ಮೂಲೆಯನ್ನು ನೋಡಿದಳು, ಹಾಲಿನ ಬಟ್ಟಲನ್ನು ನೋಡಿದಳು.

‘ಮನಿ ಯಾವುದಂತ ಅದಕ್ಕ ನಾವು ಹೇಳಿದ್ದರ ಯಾವಾಗ?’ ಎಂದಳು.

ಮರಳಿ ಬಂದ ತಾತ್ಯಾ ಕಾಲು ತೊಳೆಯುತ್ತ, ಚಾತುರ್ಮಾಸ ಮುಗಿಯುವ ತನಕ ಈ ಪ್ರಾಣಿ ತನ್ನ ಕಟ್ಟೆ ಹತ್ತಕೂಡದೆಂದು ತೀರ್ಪು ಕೊಟ್ಟರು. ರೊಟ್ಟಿ ಹಾಲಿಗೆ ಅಡ್ಡಿಯಿಲ್ಲ, ಒಡ್ಡಿನ ಮೇಲಿಂದಲೇ ಕಳಿಸುತ್ತೇನೆಂದರು. ಒಳಗೆ ಹೋಗುವಾಗ ಬೆಲ್ಲದ ಡಬ್ಬಿಯನ್ನೂ ಎತ್ತಿಕೊಂಡು ಹೋದರು.

ನಾಯಿ ಏಳಲಿಲ್ಲ. ಕರೆದರೂ ಇಲ್ಲ, ಎಳೆದರೂ ಇಲ್ಲ. ಅದಕ್ಕೆ ಬರಬೇಕಾದದ್ದು ಇನ್ನೂ ಬಂದಿರಲಿಲ್ಲ. ಕಾಕಾ ಬಗ್ಗಿ, ಅದರ ಮುಂಗಾಲು ಹಿಂಗಾಲು ಜೋಡಿಸಿ ಹಿಡಿದು, ಕುರಿಮರಿಯನ್ನು ಹೊರುವಂತೆ ಹೆಗಲ ಮೇಲೆ ಹಾಕಿಕೊಂಡ. ಉದ್ದ ಕಾಲುಗಳು ಎದೆಯ ಮೇಲೆ ಜೋತಾಡಿದವು. ಮಳೆ ಮತ್ತೆ ಹಿಡಿದಿತ್ತು. ಚಿಗವ್ವ ಪಕ್ಕದಲ್ಲಿ ನಡೆಯುತ್ತ ಕೊಡೆಯನ್ನು ನಾಯಿಯ ಮೇಲೆ ಹಿಡಿದಿದ್ದಳು. ಅದರಂಚಿನ ನೀರೆಲ್ಲ ಕಾಕಾನ ತಲೆಗೆ ಇಳಿಯುತ್ತಿತ್ತು. ನಾನೂ ಮಾಮಾನೂ ಹಿಂದೆ. ಲಗ್ನವಾಗಿ ಬಂದಾಗಿನಿಂದ ಅಕ್ಕ ತನಗೆ ಕೊಡುತ್ತೇನೆಂದ ಒಂದೂ ಸಾಮಾನು ಕೈಗೆ ಬಂದಿಲ್ಲವೆಂದು ಮಾಮಾ ನನಗೆ ದಾರಿಯುದ್ದಕ್ಕೂ ಉದಾಹರಣೆ ಸಮೇತ ಹೇಳಿದ. ಅವತ್ತು ಆತ ಕೋಳಿತತ್ತಿಯ ಸಾರಿನಲ್ಲಿ ಉಂಡು, ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ಹೋದ.

ಮನೆ ಮುಟ್ಟಿದಾಗ ಕಾಕಾ ನಾಯಿಯನ್ನು ಹೊಸ್ತಿಲ ಹೊರಗೆ ಇಳಿಸಿದ. ಅದು ಅಲ್ಲೇ ನಿಂತಿತು. ಒಳಗೆ ಬರುವುದೋ ಬಿಡುವುದೋ ತಿಳಿಯದೆ ಒಬ್ಬೊಬ್ಬರ ಮುಖ ನೋಡಿತು. ಕಾಕಾನಿಗೂ ಧೈರ್ಯವಾಗಲಿಲ್ಲ; ಅದರ ಪಕ್ಕದಲ್ಲೇ ನೀರು ಸುರಿಸುತ್ತ ನಿಂತ. ಚಿಗವ್ವ ಒಳಗೆ ಹೋಗಿ ಹಳೆಯ ಸೀರೆಯ ತುಂಡು ತಂದಳು. ಬಾಗಿಲಲ್ಲೇ ಕೂತು, ನಾಯಿಯ ಕಾಲು ಒಂದೊಂದಾಗಿ ತನ್ನ ಮಡಿಲಿಗೆ ಎಳೆದುಕೊಂಡು ಒರೆಸಿದಳು. ಆಮೇಲೆ ಅದರ ಬೆನ್ನಿಗೆ ಒಂದು ಏಟು ಕೊಟ್ಟು, ‘ಹ್ಞೂ, ನಡಿ ಒಳಗ’ ಎಂದಳು.

ಸೀರೆಯ ತುಂಡು ಪೂರಾ ನೆಂದಿತ್ತು. ಕಾಕಾ ತನ್ನ ಕಾಲನ್ನು ತಾನೇ ಒರೆಸಿಕೊಂಡು ಒಳಗೆ ಬಂದ.